ಹೂಬಿಡದ ಪೆಂತೆಕೊಸ್ತ ಗುಲಾಬಿಗೆ, ಮೂರನೆಯ ಬಟ್ಟಲಿನ ವಿಷಯವಾಗಿ

ನನ್ನ ಹಿತ್ತಲಿನ ಬಿಸಿಲನ್ನೂ ಗೊಬ್ಬರವನ್ನೂ ತಾಳ್ಮೆಯನ್ನೂ ಯಥೇಚ್ಛವಾಗಿ ಸೇವಿಸುತ್ತ ಸುಖವಾಗಿರುವ ಮಾನ್ಯ ಪಿಯೋನಿ ಗಿಡದವರೇ,

ತಮಗೂ, ತಮ್ಮ ಎಲೆಗಳ ನೆರಳಿನಲ್ಲಿ ಮಧ್ಯಾಹ್ನದ ನಿದ್ದೆ ಮಾಡುವ ನಮ್ಮ ಬೆಕ್ಕಿಗೂ ವಿನಯಪೂರ್ವಕ ವಂದನೆಗಳು.

ನಮ್ಮ ಓಸ್ಟ್‌ಫ್ರೀಸ್‌ಲಾಂಡ್ ಸೀಮೆಯಲ್ಲಿ ತಮ್ಮನ್ನು ಯಾರೂ ಪಿಯೋನಿ ಎನ್ನುವುದಿಲ್ಲ. ನಮ್ಮ ಚರ್ಚಿನ ಪೆಂತೆಕೊಸ್ತ ಹಬ್ಬದ ಹೊತ್ತಿಗೆ ಅರಳುತ್ತೀರೆಂಬ ನಂಬಿಕೆಯಿಂದ ಪೆಂತೆಕೊಸ್ತ ಗುಲಾಬಿ ಎನ್ನುತ್ತಾರೆ. ಹಬ್ಬವೇನೂ ಹಟಮಾರಿಯಲ್ಲ. ಚಂದ್ರನ ಮುಖ ನೋಡಿಕೊಂಡು ಒಂದು ವರ್ಷ ಮೇ ತಿಂಗಳ ನಡುವಿಗೆ, ಇನ್ನೊಂದು ವರ್ಷ ಜೂನಿಗೆ ತಾನೇ ಸರಿದು ತಮಗೆ ಅನುಕೂಲ ಮಾಡಿಕೊಡುತ್ತದೆ. ಆದರೂ ತಾವು ಇಲ್ಲಿಗೆ ಬಂದ ಮೇಲೆ ಆರು ಪೆಂತೆಕೊಸ್ತಗಳು ಕಳೆದುಹೋದವು, ತಾವು ಆರು ಸಲವೂ ಎಲೆಗಳನ್ನು ಮಾತ್ರ ಕಳುಹಿಸಿಕೊಟ್ಟಿರಿ. ಎಲೆಗಳು ಸೊಗಸಾಗಿವೆ. ಹೂವಿನಂಥ ಲೌಕಿಕ ವಿಷಯದಲ್ಲಿ ತಾವು ತೋರುವ ವೈರಾಗ್ಯ ನಮ್ಮ ಪಾದ್ರಿಗಳಿಗೂ ಬಂದಿಲ್ಲ.

ತಮ್ಮ ಆಗಮನವನ್ನು ನೆನಪಿಸಲು ಅಪ್ಪಣೆ ಕೊಡಿ. ಅಮ್ಮ ತೀರಿಕೊಂಡ ವರ್ಷದ ಸೆಪ್ಟೆಂಬರಿನಲ್ಲಿ, ಅವಳ ಅಂಗಳ ಬೇರೆಯವರ ಪಾಲಾಗುವ ಮುನ್ನ, ಅಕ್ಕ ಇಮ್ಕೆ ತಮ್ಮನ್ನು ಸಲಿಕೆಯಿಂದ ಸೀಳಿ ಇಬ್ಬರೂ ಅರ್ಧರ್ಧ ಇಟ್ಟುಕೊಳ್ಳೋಣ ಎಂದಳು. ಅಮ್ಮನ ಗಿಡಕ್ಕೆ ಕಬ್ಬಿಣ ತಾಗಿಸಲು ಬಿಡೆನೆಂದು ನಾನು ತಮ್ಮನ್ನು ಇಡಿಯಾಗಿಯೇ ಕೈಗಾಡಿಯಲ್ಲಿ ಕೂರಿಸಿ ಎರಡು ಬೀದಿ ದಾಟಿಸಿ ತಂದೆ, ಚಳಿ ತಾಗದಿರಲೆಂದು ಆಳವಾದ ಗುಂಡಿ ತೋಡಿ ಮಲಗಿಸಿದೆ. ಬೆಂಚಿನ ಮೇಲೆ ಚಹಾ ಕುಡಿಯುತ್ತ ನೋಡುತ್ತಿದ್ದ ಇಮ್ಕೆ ಹೇಳಿದಳು: "ನೀನು ನೆಡ್ತಾ ಇಲ್ಲ ಕಣೇ, ಹೂಳ್ತಾ ಇದ್ದೀಯ."

ನಾನು ಏನೋ ಅಂದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ತಾವು ಕೇಳಿಸಿಕೊಂಡಿದ್ದೀರಿ. ಅವಳು ಎರಡನೆಯ ಬಟ್ಟಲು ಮುಗಿಸಿ, ಇನ್ನು ಸಾಕೆಂಬ ಗುರುತಿಗೆ ಚಮಚವನ್ನು ಬಟ್ಟಲೊಳಗೆ ನಿಲ್ಲಿಸಿ, ಎದ್ದಳು. ಮೂರು ಬಟ್ಟಲಿಗೆ ಮುಂಚೆ ಏಳುವುದೆಂದರೆ ನಮ್ಮಲ್ಲಿ ಬಾಗಿಲು ಬಡಿದು ಹೋದಂತೆ. "ಅದು ಹೂಬಿಟ್ಟ ದಿನ ಹೇಳಿಕಳ್ಸು, ಮೂರನೇದು ಕುಡಿಯೋಕೆ ಬರ್ತೀನಿ" ಎಂದು ಹೋದವಳು ಇಂದಿಗೂ ಬಂದಿಲ್ಲ. ತಾವು ಹೂಬಿಡದಿರುವುದರ ಪೂರ್ತಿ ಪರಿಣಾಮ ಇದು, ಮಾನ್ಯರೇ. ನನಗಿರುವುದು ಒಬ್ಬಳೇ ಅಕ್ಕ.

ಅವಳಿಗೇನು, ಎರಡು ಉದ್ದ ಸಾಲು ತಮ್ಮ ಬಂಧುಗಳನ್ನು ಬೆಳೆದು ಶನಿವಾರದ ಸಂತೆಯಲ್ಲಿ ಮಾರುತ್ತಾಳೆ. ಮೊಗ್ಗನ್ನು ಎರಡು ಬೆರಳಲ್ಲಿ ಒತ್ತಿ, ಮೂಗಿನ ತುದಿಯಷ್ಟು ಮೆತ್ತಗಾಗಿದ್ದರೆ ಮಾತ್ರ ಕತ್ತರಿಸುತ್ತಾಳೆ. ಗಟ್ಟಿ ಮೊಗ್ಗು ಹೂದಾನಿಯಲ್ಲಿ ಅರಳುವುದಿಲ್ಲ, ಅರಳಿದ್ದು ಮನೆ ಮುಟ್ಟುವುದಿಲ್ಲ. ಪ್ರತಿ ಪೆಂತೆಕೊಸ್ತಕ್ಕೂ ನಾನು ಪಕ್ಕದ ಮನೆಯ ಓಲ್ಟ್‌ಮನ್ಸರ ಕೈಯಲ್ಲಿ ಗುಟ್ಟಾಗಿ ಒಂದು ಕಟ್ಟು ತರಿಸುತ್ತೇನೆ. ಹೂವಿನ ಹತ್ತಿರ ಹೋದರೇ ಸೀನುವ ಅವರು 'ನನ್ನ ಮನೆಗೇ' ಎಂದು ಹೇಳಿ ಅವಳಿಂದ ಕೊಳ್ಳುತ್ತಾರೆ. ಪ್ರತಿ ಸಲವೂ ದಂಟುಗಳು ಅಮ್ಮನ ನೀಲಿ ಹೂಜಿಗೆ ಸರಿಯಾದ ಅಳತೆಗೆ ಕತ್ತರಿಸಿಯೇ ಬರುತ್ತವೆ. ಆ ಹೂಜಿ ನನ್ನ ಮನೆಯಲ್ಲಿರುವುದು ಇಮ್ಕೆಗಲ್ಲದೆ ಬೇರೆ ಯಾರಿಗೂ ಗೊತ್ತಿಲ್ಲ.

ಈ ವರ್ಷದ ಏಪ್ರಿಲಿನಲ್ಲಿ ತೋಟಗಾರಿಕೆಯ ಪುಸ್ತಕವೊಂದನ್ನು ತೆರೆದೆ. ತಮ್ಮ ಗೆಡ್ಡೆಯ ಕಣ್ಣುಗಳು ಎರಡು ಬೆರಳಿಗಿಂತ ಆಳದಲ್ಲಿದ್ದರೆ ತಾವು ಹೂಬಿಡುವುದಿಲ್ಲವಂತೆ. ಮಣ್ಣು ಕೆದಕಿ ನೋಡಿದೆ. ಕೈ ಮಣಿಕಟ್ಟಿನ ತನಕ ಹೋಯಿತು. ತಮ್ಮನ್ನು ಸೆಪ್ಟೆಂಬರಿನಲ್ಲಿ ಎತ್ತಿ, ಸೀಳಿ, ಮೇಲಕ್ಕೆ ನೆಡದೆ ಬೇರೆ ದಾರಿಯಿಲ್ಲ ಎಂದೂ ಅದೇ ಪುಟದಲ್ಲಿ ಬರೆದಿತ್ತು. ಅಂದರೆ ಅಕ್ಕ ಅಂದು ಹೇಳಿದ್ದೇ. ಎರಡು ವಾರ ಯೋಚಿಸಿ ಅವಳಿಗೊಂದು ಕಾರ್ಡು ಹಾಕಿದೆ: "ನಾನು ಹೂಳಿದ್ದೇ ನಿಜ. ಅರ್ಧ ನಿನ್ನದು." ಮರುಟಪಾಲಿನಲ್ಲಿ ಉತ್ತರ ಬಂತು: "ಸೆಪ್ಟೆಂಬರಲ್ಲಿ ಸಲಿಕೆ ತರ್ತೀನಿ. ನಿನ್ನ ಸಲಿಕೆ ಮೊಂಡು."

ಆದ್ದರಿಂದ ತಮ್ಮಲ್ಲಿ ನನ್ನ ಏಕೈಕ ಪ್ರಾರ್ಥನೆ: ಆರು ವರ್ಷ ಕಾಪಾಡಿಕೊಂಡು ಬಂದ ವ್ರತವನ್ನು ಈ ಒಂದು ವರ್ಷವೂ ದಯವಿಟ್ಟು ಮುರಿಯಬೇಡಿ. ಈಗ ತಾವು ಅರಳಿದರೆ ನಾನು ಗೆದ್ದಂತಾಗುತ್ತದೆ. ಸೋತ ಅಕ್ಕ ಚಹಾಕ್ಕೆ ಬರುವುದಕ್ಕಿಂತ, ಗೆದ್ದ ಅಕ್ಕ ಸಲಿಕೆ ಹೊತ್ತು ಬರುವುದೇ ನನಗೆ ಬೇಕು.

ಏಳನೆಯ ಹಬ್ಬದ ಹೊಸ್ತಿಲಲ್ಲಿ ನಿಂತು,
ತಮ್ಮ ವಿಶ್ವಾಸಿ,
ವೀಬ್ಕೆ

ತಾ.ಕ.: ಲಕೋಟೆ ಅಂಟಿಸುವ ಮುನ್ನ ಹಿತ್ತಲಿಗೆ ಹೋದೆ. ತಮ್ಮ ಎಡಗಡೆಯ ದಂಟಿನ ತುದಿಯಲ್ಲಿ ಒಂದು ಮೊಗ್ಗು, ಅದರ ಮೇಲೆ ಮೂರು ಇರುವೆ. ಬೆರಳಲ್ಲಿ ಒತ್ತಿ ನೋಡಿದೆ, ಇನ್ನೂ ಗಟ್ಟಿ. ನಾನು ಯಾರಿಗೂ ಹೇಳುತ್ತಿರಲಿಲ್ಲ, ಆದರೆ ಬೇಲಿಯಾಚೆ ಓಲ್ಟ್‌ಮನ್ಸರು ಸೀನಿದರು, ಸೈಕಲ್ಲು ಹತ್ತಿ ಇಮ್ಕೆಯ ಮನೆಯ ಕಡೆಗೇ ಹೋದರು. ಇನ್ನು ಅವಳು ಮೂರನೆಯ ಬಟ್ಟಲಿಗೊಮ್ಮೆ, ಸಲಿಕೆಯೊಂದಿಗೊಮ್ಮೆ, ಎರಡೆರಡು ಸಲ ಬರಬೇಕಾಗುತ್ತದೆ. ತಮ್ಮ ಉದ್ದೇಶ ಇದೇ ಆಗಿದ್ದರೆ ಈ ದೂರಿನಲ್ಲಿ ಅರ್ಧವನ್ನು ಹಿಂತೆಗೆದುಕೊಂಡಿದ್ದೇನೆ. ಉಳಿದರ್ಧವನ್ನು ಸೆಪ್ಟೆಂಬರಿನಲ್ಲಿ ಅಕ್ಕನ ಸಲಿಕೆ ತಮಗೆ ಓದಿ ಹೇಳುತ್ತದೆ.