‘ಬರ್ತೇನಿ’ ಅಂದ ನೀಲವ್ವನನ್ನು ಕಾಯಲು ಹಚ್ಚಿದವರಿಗೆ

ಚುರುಕ್ ಗೇಮ್ಸ್ ಕಂಪನಿಯ ಮಾನ್ಯರೇ,

ಹುಬ್ಬಳ್ಳಿ ಬೆಂಗೇರಿಯ ನನ್ನ ಹೊಲಿಗೆ ಮಷಿನ್ನಿನ ಎದುರಿನಿಂದ, ಕತ್ತರಿ ಕೆಳಗಿಟ್ಟು, ತಮಗೂ ತಮ್ಮ ಸಕಲ ಕಂಪ್ಯೂಟರುಗಳಿಗೂ ನಮಸ್ಕಾರಗಳು.

‘ನೀಲವ್ವನ ಹೊಸ್ತಿಲು’ ಕಾದಂಬರಿಯನ್ನು ತಾವು ವಿಡಿಯೊ ಗೇಮ್ ಮಾಡಿದ್ದು ನಮ್ಮ ಭಾಗ್ಯ. ಅದನ್ನು ಓದಿರೆಂದು ಮದುವೆಯಾದಾಗಿನಿಂದ ನಮ್ಮ ಮನೆಯವರ ಬೆನ್ನು ಹತ್ತಿದ್ದೆ. ‘ಪುಸ್ತಕ ಹಿಡದ್ರ ನಿದ್ದಿ ಬರ್ತೈತಿ’ ಎನ್ನುತ್ತಿದ್ದವರು ತಾವು ಮಾಡಿದ ಆಟವನ್ನು ಊಟ ಬಿಟ್ಟು ಆಡಿದರು. ನಾನು ಅತ್ತ ಪುಟಕ್ಕೆ ಅವರೂ ಒಮ್ಮೆ ಅಳಲಿ ಎಂಬುದಷ್ಟೇ ನನ್ನ ಆಸೆಯಾಗಿತ್ತು.

ಓದಿದವರನ್ನೂ ತಾವು ಮರೆತಿಲ್ಲ. ‘ಪುಸ್ತಕ ಓದಿದ್ದೇನೆ’ ಎಂಬ ಗುಂಡಿ ಒತ್ತಿದರೆ ನೀಲವ್ವನ ಎಮ್ಮೆಯ ಹೆಸರು ಕೇಳಿ, ಸರಿ ಹೇಳಿದವರಿಗೆ ಬಂಗಾರದ ಬಣ್ಣದ ಬಿಲ್ಲೆ ಕೊಡುತ್ತೀರಿ. ನನಗೂ ಸಿಕ್ಕಿದೆ. ಇಷ್ಟು ವರ್ಷ ನಾನು ಆ ಕಾದಂಬರಿ ಓದಿದ್ದು ಎಮ್ಮೆಯ ಸಲುವಾಗಿ ಎಂದು ಈಗ ತಿಳಿಯಿತು.

ಇನ್ನು ಕೊನೆಯ ಪುಟ. ಜಡ್ಡು ಬಿದ್ದ ನೀಲವ್ವ ದವಾಖಾನೆಗೆ ಹೊರಟು, ಮುಗದ ಊರಿನ ಮನೆಯ ಹೊಸ್ತಿಲ ಬಳಿ ನಿಂತು, ತಿರುಗಿ ಬರುವುದಿಲ್ಲವೆಂದು ಗೊತ್ತಿದ್ದೂ ‘ಬರ್ತೇನ್ರೀ ಅತ್ತಿ’ ಎನ್ನುತ್ತಾಳೆ. ಅತ್ತೆಗೂ ಗೊತ್ತು, ಆದರೂ ‘ಹೋಗಿ ಬಾರವಾ’ ಎನ್ನುತ್ತಾಳೆ. ಕಾದಂಬರಿ ಮುಗಿಯುವುದು ಅಲ್ಲಿಗೆ. ತಾವು ಹುಬ್ಬಳ್ಳಿಯಲ್ಲೇ ಕಚೇರಿ ಇಟ್ಟುಕೊಂಡೂ, ಹೊಸಬರಿಗೆ ತಿಳಿಯಲೆಂದು ‘ನೀಲವ್ವ ಬರುತ್ತಾಳೆ, ಕಾಯಿರಿ’ ಎಂದು ಬರೆದು, ಬಾಗಿಲಿಗೆ ಹಸಿರು ಬಾಣ ಹಾಕಿದಿರಿ. ನಮ್ಮ ಮನೆಯವರು ಕಾದೇ ಕಾದರು. ‘ಎಲ್ಲಿ ಬಂದ್ಲ ನಿನ್ನ ನೀಲವ್ವ?’ ಎಂದು ನನ್ನನ್ನೇ ಕೇಳಿದರು. ಅವರಿಗೆ ಅಳು ಬರಲಿಲ್ಲ, ನನಗೆ ಬಂತು.

ಓದಿದವರೆಲ್ಲ ಬೈದ ಮೇಲೆ ತಾವು ಮಾಡಿದ ತಿದ್ದುಪಡಿಯನ್ನಂತೂ ಎಷ್ಟು ಹೊಗಳಿದರೂ ಸಾಲದು. ಈಗ ನೀಲವ್ವ ‘ಹೋಗ್ತೇನ್ರೀ ಅತ್ತಿ’ ಎನ್ನುತ್ತಾಳೆ, ಅತ್ತೆ ‘ಆತು, ಹೋಗು’ ಎನ್ನುತ್ತಾಳೆ. ಯಾರಿಗೂ ಗೊಂದಲವಿಲ್ಲ. ಮನೆ ಬಿಡುವಾಗ ನಮ್ಮ ಕಡೆ ಯಾರೂ ಬಾಯಿ ತಪ್ಪಿಯೂ ಆಡದ ಅಪಶಕುನದ ಮಾತನ್ನು ಸಾಯಲು ಹೊರಟವಳ ಬಾಯಿಗೇ ತುರುಕಿದಿರಿ.

ನಿನ್ನೆ ಮುಂಜಾನೆ ಧಾರವಾಡದಾಚೆಯ ಬೇಲೂರಿನ ಕಾರ್ಖಾನೆಗೆ ಹೊರಟ ನಮ್ಮ ಮನೆಯವರು, ಬುತ್ತಿ ಕೈಯಲ್ಲಿ ಹಿಡಿದು, ಆಟದ ಗುಂಗಿನಲ್ಲೇ ‘ಹೋಗ್ತೇನಿ’ ಅಂದುಬಿಟ್ಟರು. ಒಳಗೆ ಕರೆದು, ಕೂಡಿಸಿ, ನೀರು ಕುಡಿಸಿ, ‘ಬರ್ತೇನಿ’ ಅನ್ನಿಸಿಯೇ ಕಳಿಸಿದೆ. ‘ಗೇಮ್‌ನ್ಯಾಗ ಹಂಗ ಅಂತಾರಲ್ಲ’ ಎಂದು ಗೊಣಗಿದರು. ಬಸ್ಸು ತಪ್ಪಿತು. ಸಂಜೆ ಅವರ ಚಪ್ಪಲಿಯ ಸದ್ದು ಕೇಳುವತನಕ ನಾನು ಒಂದು ಹೊಲಿಗೆಯನ್ನೂ ನೆಟ್ಟಗೆ ಹಾಕಲಿಲ್ಲ.

ಆದಕಾರಣ ದಿನಾ ಅವರು ತಿರುಗಿ ಬರುವತನಕ ನಮ್ಮ ಬಾಗಿಲಿಗೂ ಒಂದು ಹಸಿರು ಬಾಣ ಹಾಕಿಸಿಕೊಡಬೇಕಾಗಿ ವಿನಂತಿ. ಅದು ಆಗದಿದ್ದರೆ, ತಮ್ಮ ಮಾಲೀಕರು ನಾಳೆ ಮನೆ ಬಿಡುವಾಗ ಹೆತ್ತ ತಾಯಿಯ ಎದುರು ನಿಂತು ‘ಹೋಗ್ತೇನಿ’ ಅಂದು, ಆಕೆಯ ಮುಖ ನೋಡಲಿ. ಗೇಮಿನಲ್ಲಿ ಏನು ತಿದ್ದಬೇಕೆಂದು ಆಮೇಲೆ ನಾನು ಹೇಳಬೇಕಾಗಿಲ್ಲ.

ಇಂತಿ, ಎಮ್ಮೆಯ ಬಿಲ್ಲೆ ಗೆದ್ದ
ತಮ್ಮ ವಿಶ್ವಾಸಿ,
ರೇಣವ್ವ

ತಾ.ಕ.: ಬರ್ತೇನ್ರಿ. ಈ ಸಲ ಮಾತ್ರ ತಾವು ಮಾಡಿದ ಅರ್ಥವೇ ಸರಿ. ಸೋಮವಾರ ತಮ್ಮ ಕಚೇರಿಗೆ ಬರುತ್ತೇನೆ, ಕಾಯಿರಿ.