ಕಾಲಿಗೆ ಹಗ್ಗ ಕಟ್ಟಿಕೊಂಡು ನಾದ ಕೇಳಿದ್ದು

ಧ್ಯಾನಕ್ಕ ಕುಂತರ ಮನಸ್ಸಿಗೆ ಶಾಂತಿ ಸಿಗ್ತದ ಅಂತ ಮಂದಿ ಹೇಳ್ತಾರ. ನಾ ಶಹಾಪುರದಾಗ ಒಂದೂವರಿ ವರ್ಷದಿಂದ ಕುಂದ್ರಾಕತ್ತೇನಿ. ಶಾಂತಿ ಒಂದು ಬಿಟ್ಟು ಉಳಿದದ್ದೆಲ್ಲಾ ಆಗ್ಯಾದ. ಕುಂತಾಗೊಮ್ಮೆ ಏನರೆ ಒಂದು ಆಗೇ ಆಗ್ತದ.

ಮೊದಲ ನನ್ನ ಮನಿ ಹಾಲತ್ ಹೇಳಿಬಿಡ್ತೇನಿ. ಇಪ್ಪತ್ತೆಂಟು ವರ್ಷ ಹತ್ತಿ ಮಿಲ್ಲಿನಾಗ ಬೀಜ ಬಿಡಿಸೋ ಜಿನ್ನಿಂಗ್ ಮಷೀನ್ ಮುಂದ ನಿಂತವ ನಾನು. ನಮ್ಮಾಕಿ ಅಲ್ಲೇ ಹತ್ತಿ ಧೂಳಿನಾಗ ಕಸ ಹೊಡೀತಿದ್ದಳು. ಮಿಲ್ಲು ನನ್ನ ಕಿವಿ ತಿಂತು, ಅಕಿ ಉಸಿರು ತಿಂತು. ಯಾರರೆ ಬಾಜೂಕ ನಿಂತು ಜೋರಾಗಿ ಮಾತಾಡಿದರಷ್ಟೇ ನನಗ ಕೇಳ್ತದ, ಮ್ಯಾಲ ತಲಿಯೊಳಗ ದಿನಪೂರ್ತಿ ಮಷೀನ್ ಓಡತಿರ್ತದ. ಅಕಿಗೆ ಯಾವಾಗ ಬೇಕಾದರೂ ದಮ್ಮು ಹತ್ತತದ. ಹತ್ತಿದ ಕೂಡಲೇ ಎಬ್ಬಿಸಿ ಕುಂದ್ರಿಸಿ ಬಾಯಿಗೆ ಔಷಧದ ಪಂಪು ಹೊಡೀಬೇಕು, ತಡ ಮಾಡಿದರ ಜೀವ ಉಳಿಯಂಗಿಲ್ಲ ಅಂತ ಯಾದಗಿರಿ ಡಾಕ್ಟರು ಸಾಫ್ ಹೇಳ್ಯಾರ. ನಮಗ ಮಕ್ಕಳಿಲ್ಲ. ಅಕಿ ಕರದರ ಓಡಿ ಬರಬೇಕಾದವ ಈ ಕಿವುಡ ಒಬ್ಬನೇ.

ತಲಿಯೊಳಗಿನ ಮಷೀನ್ ಬಂದ್ ಆದೀತು ಅನ್ನೋ ಆಸಿಯಿಂದ ನಾ ಧ್ಯಾನಕ್ಕ ಹೋದೆ.

೧. ಪೂರ್ವಜನ್ಮದ ಪುಣ್ಯ

ಕಲಿಸೋರು ರಿಟೈರ್ ಆದ ಮಾಸ್ತರು. ಅವರ ಪಡಸಾಲ್ಯಾಗ ಏಳೆಂಟು ಮಂದಿ ಕುಂದ್ರತೇವಿ. ಕಣ್ಣು ಮುಚ್ಚಿ, ಹೆಬ್ಬೆರಳಿಂದ ಎರಡೂ ಕಿವಿ ಒತ್ತಿ, ಒಳಗಿನ ನಾದ ಕೇಳಬೇಕು. ಮೊದಲಿಗೆ ಯಾರಿಗೂ ಏನೂ ಕೇಳಂಗಿಲ್ಲ, ಬ್ಯಾಸರ ಮಾಡ್ಕೋಬ್ಯಾಡ್ರಿ, ನನಗ ಬರೇ ಜೀರುಂಡಿಯಂಥಾ ಆವಾಜ ಕೇಳಾಕ ನಾಕು ವರ್ಷ ಹಿಡೀತು ಅಂದರು ಮಾಸ್ತರು.

ಐದು ನಿಮಿಷ ಆದಮ್ಯಾಲ ಒಬ್ಬೊಬ್ಬರನ್ನೇ ಕೇಳಿದರು. ಯಾರಿಗೂ ಏನೂ ಇಲ್ಲ. ನಾ ಮಾತ್ರ ಕೇಳ್ತದ್ರಿ, ಇಪ್ಪತ್ತು ಮಷೀನ್ ಒಮ್ಮೆಲೇ ಓಡಿದಂಗ ಕೇಳ್ತದ ಅಂದೆ. ಮಾಸ್ತರ ಕಣ್ಣಾಗ ನೀರು ಬಂದವು. ಇದು ಗುಡುಗಿನ ನಾದ, ಪೂರ್ವಜನ್ಮದ ಪುಣ್ಯ ಇದ್ದವರಿಗೇ ದಕ್ಕೋದು ಅಂತ ಹೇಳಿ ನನ್ನ ಮುಂದಿನ ಸಾಲಿಗೆ ತಂದು ಕುಂದ್ರಿಸಿದರು, ಎಲ್ಲರ ಕಡಿಂದ ನಮಸ್ಕಾರ ಮಾಡಿಸಿದರು. ಮಿಲ್ಲಿನ ಮಾತು ಹೇಳಬೇಕಂತ ಬಾಯಿ ತೆಗದೆ ಖರೇ. ಆದರ ಹುಟ್ಟಿದಾಗಿಂದ ನನಗ ಒಬ್ಬರೂ ನಮಸ್ಕಾರ ಮಾಡಿದ್ದಿಲ್ಲ, ಬಾಯಿ ಮುಚ್ಚಿಕೊಂಡು ಕುಂತೆ.

ಮನಿಗೆ ಬಂದು ನಮ್ಮಾಕಿ ಬಾಜೂಕ ಕುಂತು ಹೇಳಿದೆ. ಅಕಿ ಹೊರಸಿನ ಮ್ಯಾಲಿಂದಲೇ ಅಂದಳು: "ಪೂರ್ವಜನ್ಮ ಯಾಕ ಬೇಕ್ರಿ, ಮಿಲ್ಲು ಇನ್ನೂ ಅಲ್ಲೇ ಅದ. ಮಾಸ್ತರಿಗೆ ಅಷ್ಟು ಆಸಿ ಇದ್ದರ ನಾಳಿಂದ ಡ್ಯೂಟಿಗೆ ಕಳಸ್ರಿ."

೨. ಅರ್ಧ ನಾದ

ಕಿವಿ ಒತ್ತಿ ಕುಂತರ ಹತ್ತು ನಿಮಿಷಕ್ಕ ಮೊಣಕೈ ಜೋತು ಬೀಳ್ತಾವ. ಎಲ್ಲರಿಗೂ ಇದೇ ತ್ರಾಸ. ಬೋನಾಳ ಕಡಿಂದ ಕುರಿ ಕಾಯೋ ಕಾಕಾ ಒಬ್ಬ ಬಂದು ಸೇರಿದ. ಅವ ತನ್ನ ಕೋಲನ್ನ ಎರಡು ಗೋಡಿ ಮೂಲಿಗೆ ಅಡ್ಡ ಸಿಗಿಸಿ, ಅದರ ಮ್ಯಾಲ ಮೊಣಕೈ ಊರಿ ಆರಾಮ ಕುಂತ. ಮಾಸ್ತರಿಗೆ ಹನ್ನೊಂದು ವರ್ಷದಾಗ ಹೊಳೀಲಾರದ ಉಪಾಯ ಅವ ಹನ್ನೊಂದು ನಿಮಿಷದಾಗ ಹಿಡದಿದ್ದ.

ಆದರ ಕಾಕಾ ಒಂದೇ ಕಿವಿ ಮುಚ್ಚತಿದ್ದ. ಎರಡೂ ಮುಚ್ಚೋ ಅಂತ ಮಾಸ್ತರು ಎಷ್ಟು ಹೇಳಿದರೂ ಕೇಳಲಿಲ್ಲ. ಹೋದ ವರ್ಷ ಒಂದು ಮಧ್ಯಾಹ್ನ ಗಿಡದ ಬುಡಕ ಜರಾ ಕಣ್ಣು ಹತ್ತಿದಾಗ ತೋಳ ಬಂದು ಏಳು ಮರಿ ಹರದು ಹಾಕಿತ್ತಂತ. ಕೊಳ್ಳಗಂಟಿ ಆವಾಜ ಬದಲಾದದ್ದು ಇವಗ ಕೇಳಿದ್ದಿಲ್ಲ. ಒಂದೇ ಕಿವಿ ಮುಚ್ಚಿದರ ನಾದ ಅರ್ಧಾನೇ ಸಿಗೋದು ಅಂತ ಮಾಸ್ತರು ಸಿಟ್ಟು ಮಾಡಿದರು.

"ಅರ್ಧ ಸಾಕ್ರಿ," ಅಂದ ಕಾಕಾ. "ಪೂರ್ತಿ ನಾದ ತಗೊಂಡು ಮರಿಗಳಿಗೆ ಏನಂತ ಹೇಳಲಿ?"

೩. ಹಗ್ಗ

ದಿನಾ ಮುಂಜಾನಿ ಮನಿಯಾಗೂ ಒಂದು ತಾಸು ಕುಂದ್ರಬೇಕು ಅಂತ ಮಾಸ್ತರ ಹುಕುಂ. ನಾ ಹೊರಗಿನ ಖೋಲಿಯಾಗ ಕುಂದ್ರತಿದ್ದೆ. ಒಂದಿನ ಮುಗಿಸಿ ಒಳಗ ಹೋದರ ನಮ್ಮಾಕಿ ಹೊಸ್ತಿಲ ಮ್ಯಾಲ ಬಿದ್ದಿದ್ದಳು. ತುಟಿ ನೀಲಿ ಆಗಿದ್ದವು, ಪಂಪು ಕೈಯಿಂದ ಜಾರಿ ದೂರ ಹೋಗಿತ್ತು. ಎಷ್ಟು ಸಲ ಕರದಿದ್ದಳೋ ಏನೋ. ಅಕಿ ಬದುಕಿದಳು, ನಾ ಮಾತ್ರ ಎರಡು ದಿನ ತುತ್ತು ಬಾಯಿಗೆ ಇಡಲಿಲ್ಲ, ಅಷ್ಟು ನಾಚಿಕಿ ಆಗಿತ್ತು.

ಧ್ಯಾನ ಬಿಡ್ತೇನಿ ಅಂದೆ. ಅಕಿ ಬ್ಯಾಡ ಅಂದಳು, ಕುಂತು ಬಂದ ದಿನ ನೀವು ಜರಾ ಮನಶ್ಯಾರಂಗ ಇರ್ತೀರಿ ಅಂದಳು. ಉದ್ದನ ಹಗ್ಗ ತರಿಸಿ ಒಂದು ತುದಿ ನನ್ನ ಕಾಲಿಗೆ ಕಟ್ಟಿದಳು, ಇನ್ನೊಂದು ತುದಿ ತನ್ನ ಹೊರಸಿಗೆ. ಒಂದು ಸಲ ಜಗ್ಗಿದರ ನೀರು, ಎರಡು ಸಲ ಜಗ್ಗಿದರ ಪಂಪು, ಮೂರು ಸಲ ಜಗ್ಗಿದರ ಇದ್ದಂಗ ಎದ್ದು ಓಡಿ ಬರೋದು.

ಮಾಸ್ತರು ಮನಿಗೆ ಬಂದಾಗ ಈ ಹಗ್ಗ ನೋಡಿದರು. ಜೀವ ನಾದದ ಹಿಂದ ಹಾರಿ ಹೋಗಬಾರದಂತ ಕಟ್ಟಿಕೊಂಡಾನ ಅಂತ ಅವರೇ ತಿಳಕೊಂಡು ಹೋದರು. ಮುಂದಿನ ಐತವಾರ ನಾಕು ಮಂದಿ ಕಾಲಿಗೆ ಹಗ್ಗ ಕಟ್ಟಿ, ಇನ್ನೊಂದು ತುದಿ ಪಡಸಾಲಿ ಕಂಬಕ್ಕ ಬಿಗಿದು ಕುಂತಿದ್ದರು. ಚಾ ಬಂತು ಅಂದ ಕೂಡಲೇ ನಾಲ್ವರೂ ಒಮ್ಮೆಲೇ ಎದ್ದರು, ನಾಲ್ವರೂ ಒಮ್ಮೆಲೇ ಬಿದ್ದರು.

೪. ಮಷೀನ್ ನಿಂತ ದಿನ

ಧ್ಯಾನ ಆಳಕ್ಕ ಇಳಿದಾಗ ಸಂಸಾರ ಹಿಂದಿಂದ ಜಗ್ಗತದ, ಆವಾಗ ಅಲುಗಾಡಬಾರದು ಅಂತ ಮಾಸ್ತರು ಹೇಳಿದ್ದರು. ಎಲ್ಲರಿಗೂ ಹೇಳೋ ಮಾತು ಅದು, ನನ್ನ ಹಗ್ಗ ಖರೇ ಯಾಕಂತ ಅವರಿಗೆಲ್ಲಿ ಗೊತ್ತು.

ಮೊನ್ನೆ ಮುಂಜಾನಿ ಕುಂತಿದ್ದೆ. ತಲಿಯೊಳಗಿನ ಮಷೀನ್ ಸಣ್ಣಗ ಆಯಿತು, ಇನ್ನೂ ಸಣ್ಣಗ ಆಯಿತು, ಆಮ್ಯಾಲ ನಿಂತೇ ಬಿಡ್ತು. ಎಷ್ಟು ವರ್ಷದ ಮ್ಯಾಲ ಪೂರಾ ಸುಮ್ಮನ. ನನಗ ಅಳು ಬಂತು. ಅದೇ ಹೊತ್ತಿಗೆ ಹಗ್ಗ ಜಗ್ಗಿತು. ಒಂದು. ಎರಡು. ಮೂರು.

ಸುಳ್ಳು ಹೇಳಂಗಿಲ್ಲ. ಇನ್ನೊಂದು ಗಳಿಗಿ ಇರಲಿ ಅಂತ ಕುಂತೆ. ಎರಡು ಉಸಿರು, ಮೂರು ಉಸಿರು ಕುಂತೆ. ಆಮ್ಯಾಲ ಅಕಿ ನೀಲಿ ತುಟಿ ನೆನಪಾದವು, ಓಡಿದೆ. ಎದ್ದ ಕೂಡಲೇ ತಲಿಯೊಳಗ ಮಷೀನ್ ಮತ್ತ ಚಾಲೂ ಆಯಿತು.

ಅಕಿ ಹೊರಸಿನ ಮ್ಯಾಲ ಬಗ್ಗಿ ಹಗ್ಗ ಹಿಡಕೊಂಡೇ ಇದ್ದಳು, ಕಣ್ಣು ಮ್ಯಾಲ ಹೋಗಿದ್ದವು. ಎತ್ತಿ ಕುಂದ್ರಿಸಿದೆ, ಪಂಪು ಹೊಡದೆ, ಬೆನ್ನು ತಿಕ್ಕಿದೆ. ಬಹಳ ಹೊತ್ತಿಗೆ ಉಸಿರು ತಿರುಗಿ ಬಂತು. ಎಲ್ಲಿ ಹೋಗಿದ್ರಿ ಅಂತ ಕೇಳಿದಳು. ನಾ ಮುಚ್ಚಿಡಲಿಲ್ಲ. ಮಷೀನ್ ನಿಂತಿತ್ತು, ಜರಾ ಕುಂದ್ರಬೇಕು ಅನಿಸ್ತು ಅಂದೆ.

ಬೈತಾಳ, ಇಲ್ಲಾ ಅಳ್ತಾಳ ಅಂತ ತಲಿ ತಗ್ಗಿಸಿ ನಿಂತೆ. ಅಕಿ ನನ್ನ ಮಾರಿ ನೋಡಿದಳು. ಬಗ್ಗಿ ನನ್ನ ಕಾಲಿನ ಗಂಟು ಬಿಚ್ಚಾಕ ಹತ್ತಿದಳು. ಬಿಡುಗಡಿ ಮಾಡಾಕತ್ತಾಳ ಅಂತ ತಿಳಿದೆ.

"ಕಾಲಿಗೆ ಕಟ್ಟಿದ್ದು ನನ್ನ ತಪ್ಪು," ಅಂದಳು. "ನಾಳಿಂದ ಕುತ್ತಿಗಿಗೆ ಕಟ್ಟತೇನಿ."