ಏಳನೇ ವಾರ್ಡಿನ ಖಾಲಿ ಕಾಲಂ

ಮುನ್ನೂರು ಜನ ಒಂದೇ ಬೆಳಿಗ್ಗೆ ಒಬ್ಬನ ಮನೆಗೆ ನುಗ್ಗಿದರು ಎಂದರೆ ಬೆಂಕಿ ಬಿದ್ದಿರಬೇಕು, ಇಲ್ಲವೇ ನಿಧಿ ಸಿಕ್ಕಿರಬೇಕು ಅಂತ ನೀವು ಅಂದುಕೊಳ್ಳುತ್ತೀರಿ. ಎರಡೂ ಅಲ್ಲ. ಎಲ್ಲಾ ರಂಪಕ್ಕೂ ಕಾರಣ ಹೆಬ್ಬೆರಳುದ್ದದ ಒಂದು ಪೆನ್ಸಿಲ್ಲು.

ಆ ಪೆನ್ಸಿಲ್ಲು ಸದಾ ಕೂತಿರುತ್ತಿದ್ದುದು ಪುರಸಭೆಯ ಗುಮಾಸ್ತನೊಬ್ಬನ ಬಲಗಿವಿಯ ಮೇಲೆ. ಸ್ನಾನಕ್ಕೆ ಹೋದರೂ ಅದು ಇಳಿಯುತ್ತಿರಲಿಲ್ಲ ಎಂದು ಅವನ ಹೆಂಡತಿಯೇ ಹೇಳುತ್ತಿದ್ದಳು. ಹಾಗಾಗಿ ಊರಿಗೆಲ್ಲ ಅವನು ಪೆನ್ಸಿಲಣ್ಣ.

ಅದು ನೆಲ ನಡುಗುವ ಊರು. ವರ್ಷಕ್ಕೆ ಮೂರ್ನಾಲ್ಕು ಸಲ ಭೂಮಿ ಎಮ್ಮೆಯ ಹಾಗೆ ಮೈ ಕೊಡವಿ ಮತ್ತೆ ಮಲಗುತ್ತಿತ್ತು. ಜನ ಬೀರುಗಳನ್ನು ಗೋಡೆಗೆ ಕಟ್ಟಿಹಾಕಿ, ಚಪ್ಪಲಿಯನ್ನು ಮಂಚದ ಪಕ್ಕದಲ್ಲೇ ಇಟ್ಟುಕೊಂಡು ಮಲಗುತ್ತಿದ್ದರು. ನೆಲ ನಡುಗಿದ ಮಾರನೇ ದಿನ ಪೆನ್ಸಿಲಣ್ಣ ಬೀದಿ ಬೀದಿ ಸುತ್ತಿ, ಯಾರ ಗೋಡೆ ಎಲ್ಲಿ ಬಿರುಕು ಬಿಟ್ಟಿದೆ ಎಂದು ನೋಡಿ, ಕಾಗದದ ಮೇಲೆ ಆ ಬಿರುಕನ್ನು ಹಾಗೇ ಬಿಡಿಸಿಕೊಂಡು ಬರಬೇಕು. ಹದಿನೆಂಟು ವರ್ಷದಿಂದ ಅದೇ ಕೆಲಸ. ಬಿರುಕು ಬಿಡಿಸುವುದರಲ್ಲಿ ಅವನ ಕೈ ಮೀರಿಸುವವರಿರಲಿಲ್ಲ.

ಎರಡು ವರ್ಷದ ಹಿಂದೆ ಮೇಲಿನಿಂದ ಹುಕುಂ ಬಂತು. ಪ್ರತಿ ವಾರ್ಡಿಗೂ ಒಂದೊಂದು ಆಶ್ರಯ ಕಟ್ಟಡ ಗುರುತಿಸಿ, ಭೂಕಂಪ ಆದರೆ ಜನ ಎಲ್ಲಿಗೆ ಓಡಬೇಕು ಎಂಬ ಪಟ್ಟಿ ಕಳಿಸಿ ಎಂದು. ಆರು ವಾರ್ಡು ಸಲೀಸಾಗಿ ಮುಗಿಯಿತು. ಏಳನೆಯದರಲ್ಲಿ ಶಾಲೆಯ ಮಾಡು ಆಗಲೇ ಕುಸಿದಿತ್ತು, ಗೋದಾಮಿನ ತುಂಬ ಸಿಮೆಂಟಿತ್ತು, ಬೇರೆ ದೊಡ್ಡ ಕಟ್ಟಡವೇ ಇರಲಿಲ್ಲ. ಪೆನ್ಸಿಲಣ್ಣ ಹೆಡ್ ಕ್ಲಾರ್ಕನ್ನು ಕೇಳಿದ.

"ಕಾಲಂ ಖಾಲಿ ಬಿಟ್ರೆ ಫೈಲು ಬೂಮರಾಂಗ್ ಥರ ವಾಪಸ್ ಬಂದು ನನ್ ಹಣೆಗೇ ಹೊಡಿಯುತ್ತೆ ಕಣಯ್ಯ. ಸದ್ಯಕ್ಕೆ ಬಾಯಿಗೆ ಬಂದಿದ್ದು ಬರಿ. ಪೆನ್ಸಿಲಲ್ಲಿ ಬರಿ. ಆಮೇಲೆ ಅಳಿಸಿದ್ರಾಯ್ತು."

ಆ ಕಚೇರಿಯ ಪದ್ಧತಿಯೇ ಅದು. ಗೊತ್ತಿಲ್ಲದ ಕಾಲಮ್ಮಿಗೆಲ್ಲ ಪೆನ್ಸಿಲ್ಲು. ಪೆನ್ಸಿಲಣ್ಣನಿಗೆ ಬಾಯಿಪಾಠ ಬರುತ್ತಿದ್ದ ವಿಳಾಸ ಒಂದೇ, ತನ್ನ ಮನೆಯದು. ಅದನ್ನೇ ಬರೆದ. ಪಕ್ಕದ ಕಾಲಮ್ಮಿನಲ್ಲಿ ಎಷ್ಟು ಜನ ಹಿಡಿಯುತ್ತಾರೆ ಎಂದಿತ್ತು. ಮೇಲಿನ ವಾರ್ಡಿನಲ್ಲಿದ್ದ ಮುನ್ನೂರನ್ನೇ ಇಲ್ಲಿಗೂ ಇಳಿಸಿದ. ಮರುದಿನ ಅವನಿಗೆ ಕಾಮಾಲೆ ಬಂತು. ತಿಂಗಳು ಬಿಟ್ಟು ಕಚೇರಿಗೆ ಬರುವಷ್ಟರಲ್ಲಿ ಅಳಿಸುವ ವಿಷಯ ಅವನ ತಲೆಯಿಂದಲೇ ಅಳಿಸಿಹೋಗಿತ್ತು.

ಇಷ್ಟು ಹಿಂದಿನ ಕತೆ. ಇನ್ನು ಆವತ್ತಿನ ದಿನಕ್ಕೆ ಬರೋಣ.

ಆವತ್ತು ರಜೆ. ಊರಲ್ಲಿ ಭೂಕಂಪದ ಅಣಕು ತಾಲೀಮು. ಪೆನ್ಸಿಲಣ್ಣ ಕಿಟಕಿಗೆ ಕನ್ನಡಿ ತೂಗುಹಾಕಿ, ಎಡಗೆನ್ನೆ ಬೋಳಿಸಿ, ಬಲಗೆನ್ನೆಗೆ ನೊರೆ ಬಳಿದುಕೊಂಡಿದ್ದ. ಸರಿಯಾಗಿ ಹತ್ತಕ್ಕೆ ಸೈರನ್ ಕೂಗಿತು. ಬೀದಿಯಲ್ಲಿ ಜನ ಸಾಲಾಗಿ ಹೊರಟರು. ಚಾಪೆ, ದಿಂಬು, ಕೊಡ, ರೇಡಿಯೋ ಎಲ್ಲ ತಲೆ ಮೇಲೆ.

"ನೋಡೇ ಇಲ್ಲಿ, ಕುರಿ ಮಂದೆ ಹೋಗೋ ಹಾಗೆ ಹೋಗ್ತಾ ಇದಾರೆ! ಪಾಪ, ಯಾವನ ಬಾಗಿಲಿಗೆ ಹೋಗಿ ನಿಲ್ತಾರೋ!" ಎಂದು ಹೆಂಡತಿಯನ್ನು ಕರೆದು ನಕ್ಕ.

ಮಂದೆ ಅವನ ಗೇಟಿನೊಳಕ್ಕೇ ತಿರುಗಿತು.

ಮುಂದೆ ನಡೆಯುತ್ತಿದ್ದವರು ಎದುರುಮನೆಯ ಸೀಟಿ ಟೀಚರ್. ನಿವೃತ್ತಿಯಾಗಿ ಹತ್ತು ವರ್ಷವಾದರೂ ಕೊರಳಿನ ಸೀಟಿ ಇಳಿದಿರಲಿಲ್ಲ. ಬೀದಿಯ ಅರ್ಧ ಜನ ಅವರ ಕೈಯಲ್ಲಿ ಕಿವಿ ಹಿಂಡಿಸಿಕೊಂಡವರೇ, ಪೆನ್ಸಿಲಣ್ಣನೂ ಸೇರಿ. ಈಗ ಅವರು ವಾರ್ಡಿನ ತಾಲೀಮು ಮುಖ್ಯಸ್ಥೆ.

"ಸಾಲು ಮುರೀಬೇಡಿ! ಹೆಂಗಸರು ನಡುಮನೆಗೆ, ಗಂಡಸರು ಜಗಲಿಗೆ! ಲೋ ಪೆನ್ಸಿಲು, ದಾರಿ ಬಿಡೋ!"

"ಟೀಚರ್, ಇದು... ಇದು ನಮ್ಮನೆ!"

"ನಿಮ್ಮನೆ ಅಂತ ನಂಗೊತ್ತಿಲ್ವೇನೋ? ಓದು." ಅಚ್ಚಾದ ಪುಸ್ತಕವನ್ನು ಅವನ ಮೂಗಿಗೆ ಹಿಡಿದರು. ಏಳನೇ ವಾರ್ಡು, ಆಶ್ರಯ ಕಟ್ಟಡ, ಅವನ ಬಾಗಿಲ ನಂಬರು, ಜನ ಮುನ್ನೂರು. ಕೆಳಗೆ ದೊಡ್ಡ ಸಾಹೇಬರ ಸಹಿ, ಗುಂಡನೆಯ ಮೊಹರು.

ಪೆನ್ಸಿಲಣ್ಣನ ಬಾಯಿ ತೆರೆದದ್ದು ತೆರೆದೇ ಇತ್ತು. ಬಲಗೆನ್ನೆಯ ನೊರೆ ಜಾರಿ ಬಾಯಿಗಿಳಿದರೂ ಅದು ಮುಚ್ಚಲಿಲ್ಲ.

ನೋಡುತ್ತಿದ್ದ ಹಾಗೇ ಮನೆ ತುಂಬಿತು. ನಡುಮನೆ ತುಂಬಿತು, ಜಗಲಿ ತುಂಬಿತು, ಬಚ್ಚಲ ಮುಂದೆ ಬೀದಿ ತನಕ ಸಾಲು ಬೆಳೆಯಿತು. ಯಾರೋ ಇಬ್ಬರು ಮಂಚದ ಮೇಲೆ ಕೂತಿದ್ದ ಅವನ ಅತ್ತೆಯನ್ನು ಮಂಚದ ಸಮೇತ ಎತ್ತಿ ಅಂಗಳಕ್ಕೆ ತಂದು, ತಲೆಗೆ ಬ್ಯಾಂಡೇಜು ಸುತ್ತಿ, 'ಗಾಯಾಳು' ಅಂತ ಚೀಟಿ ಅಂಟಿಸಿದರು. ಅತ್ತೆಯ ಮುಖ ಅರಳಿತು.

"ಅಳಿಯಂದ್ರೇ, ಹದಿನಾಲ್ಕು ವರ್ಷದಿಂದ ಸೊಂಟ ನೋವು, ಸೊಂಟ ನೋವು ಅಂತ ಬಡ್ಕೊಂಡೆ, ನೀವು ಒಂದ್ ದಿನ ಏನು ಅಂತ ಕೇಳ್ಲಿಲ್ಲ. ನೋಡಿ, ಸರ್ಕಾರ ಬಂದು ಪಟ್ಟಿ ಕಟ್ತು!"

ಬೀದಿಯ ಕ್ಷೌರಿಕ ತನ್ನ ತಿರುಗುಕುರ್ಚಿಯನ್ನೇ ಹೊತ್ತು ತಂದಿದ್ದ. ಅಗತ್ಯ ವಸ್ತು ತರಬೇಕು ಎಂದಿದ್ದರಲ್ಲ! ಅವನು ಜಗಲಿಯಲ್ಲೇ ಅಂಗಡಿ ಹಾಕಿದ. ನೂಕುನುಗ್ಗಲಲ್ಲಿ ಪೆನ್ಸಿಲಣ್ಣನ ಕನ್ನಡಿ, ರೇಜರು ಎಲ್ಲೋ ಮಾಯವಾಗಿದ್ದವು. ಬಲಗೆನ್ನೆ ತೋರಿಸಿ, "ಇಷ್ಟು ಎಳೆದುಬಿಡಪ್ಪ" ಎಂದು ಅಂಗಲಾಚಿದ.

"ಕ್ಯೂನಲ್ಲಿ ಬಾ ಅಣ್ಣ. ಮೂವತ್ತೊಂದನೇದು ನಿಂದು."

"ನನ್ ಮನೇಲಿ ನನಗೇ ಕ್ಯೂ ಏನೋ?"

"ಇದು ಈಗ ಸರ್ಕಾರದ್ದು ಅಂತ ಟೀಚರ್ ಹೇಳಿದ್ರು."

ಪೆನ್ಸಿಲಣ್ಣ ಅಡುಗೆಮನೆ ಮೂಲೆಗೆ ಹೋಗಿ ಹೆಡ್ ಕ್ಲಾರ್ಕಿಗೆ ಫೋನು ಹಚ್ಚಿದ. "ಸಾರ್, ಆ ಪೆನ್ಸಿಲಲ್ಲಿ ಬರೆದಿದ್ದು..."

"ಬಾಯ್ಮುಚ್ಚು!" ಆ ಕಡೆಯಿಂದ ಪಿಸುಗುಟ್ಟಿತು. "ನೀನು ಕಾಮಾಲೆ ಅಂತ ಮಲಗಿದ್ದಾಗ ಟೈಪಿಸ್ಟು ಹಾಗೇ ಟೈಪ್ ಮಾಡಿಬಿಟ್ಟಿದಾನೆ. ಸಾಹೇಬ್ರು ಸಹಿ ಹಾಕಿದ ಪುಸ್ತಕದಲ್ಲಿ ತಪ್ಪಿದೆ ಅಂದ್ರೆ ನಿನ್ ಕೆಲ್ಸಾನೂ ಹೋಗುತ್ತೆ, ನಂದೂ ಹೋಗುತ್ತೆ. ಸಂಜೆ ತನಕ ತಡ್ಕೊ."

"ಸಂಜೆಗೆ ಮುಗಿಯುತ್ತಾ ಸಾರ್?"

"ಎಲ್ಲಿ ಮುಗಿಯುತ್ತೆ? ನಾಲ್ಕಕ್ಕೆ ತಪಾಸಣೆ ಸಾಹೇಬ್ರು ಬರ್ತಾರೆ. ಅವರು ಒಪ್ಪಿದ್ರೆ ಕಾಯಂ. ಗೇಟಿಗೆ ಬೋರ್ಡು ಹೊಡೀತಾರೆ. ಆಮೇಲೆ ನೀನು ಬಾಗಿಲಿಗೆ ಬೀಗ ಹಾಕೋ ಹಾಗಿಲ್ಲ. ಮುನ್ನೂರು ಕಂಬಳಿ, ನಲವತ್ತು ಡೇರೆ ನಿನ್ ಮನೇಲೇ. ತಿಂಗಳಿಗೊಂದು ತಾಲೀಮು."

ಹೆಂಡತಿ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಆ ಮನೆಯನ್ನು ಅವರು ಹನ್ನೆರಡು ವರ್ಷ ಒಂದೊಂದೇ ಗೋಡೆಯಾಗಿ ಎಬ್ಬಿಸಿದ್ದರು. ಹೋದ ತಿಂಗಳಷ್ಟೇ ಸುಣ್ಣ ಹೊಡೆಸಿ, ಗೋಡೆ ಹಾಲಿನ ಹಾಗೆ ಬೆಳ್ಳಗಾಗಿತ್ತು.

"ರೀ, ಈ ಮನೆಗೆ ಬೋರ್ಡು ಬಿದ್ರೆ ನಾನು ತವರಿಗೆ ಹೋಗ್ತೀನಿ" ಎಂದವಳು ಅಂಗಳದ ಕಡೆ ನೋಡಿ, "ಹೋಗೋದಾದ್ರೂ ಎಲ್ಲಿಗೆ? ತವರೇ ಅಲ್ಲಿ ಬ್ಯಾಂಡೇಜ್ ಸುತ್ಕೊಂಡು ಕೂತಿದೆ" ಎಂದು ಮೂಗೆಳೆದಳು.

ಪೆನ್ಸಿಲಣ್ಣ ತಲೆ ಮೇಲೆ ಕೈ ಹೊತ್ತ. ಕೈಗೆ ಕಿವಿ ಮೇಲಿನ ಪೆನ್ಸಿಲ್ಲು ತಾಗಿತು. ಬೆಳ್ಳಗಿನ ಗೋಡೆಯನ್ನು ನೋಡಿದ. ಪೆನ್ಸಿಲನ್ನು ನೋಡಿದ. ಅವನ ಅರ್ಧ ಗಡ್ಡದ ಮುಖದಲ್ಲಿ ಪೂರಾ ನಗು ಬಂತು.

"ಲೇ, ಬಿರುಕು ಬಿಟ್ಟ ಮನೇನ ಆಶ್ರಯ ಕಟ್ಟಡ ಮಾಡೋ ಹಾಗಿಲ್ಲ! ಅಳಿಸೋದು ಎಷ್ಟೊತ್ತು? ಸಾಹೇಬ್ರು ಹೋದ ಮೇಲೆ ಒದ್ದೆ ಬಟ್ಟೇಲಿ ಒರೆಸಿದ್ರಾಯ್ತು."

ಮೂರೂವರೆಗೆ ಸೀಟಿ ಟೀಚರ್ ತಲೆ ಎಣಿಸಲಿಕ್ಕೆ ಎಲ್ಲರನ್ನೂ ಅಂಗಳಕ್ಕೆ ಹೊರಡಿಸಿದರು. ಅಷ್ಟೇ ಸಾಕಾಯಿತು. ಒಳಗೆ ಪೆನ್ಸಿಲಣ್ಣ ಸ್ಟೂಲು ಹತ್ತಿ ಶುರು ಮಾಡಿದ. ಕಿಟಕಿ ಮೂಲೆಯಿಂದ ಕೂದಲೆಳೆಯಂಥ ಬಿರುಕು, ಬಾಗಿಲ ಮೇಲಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಬಿರುಕು. ಹದಿನೆಂಟು ವರ್ಷದ ವಿದ್ಯೆ ಗೋಡೆಗೆ ಹರಿಯಿತು.

"ಸಣ್ಣದಾಯ್ತು ರೀ" ಎಂದಳು ಹೆಂಡತಿ. "ಇದಕ್ಕೆ ಇಲೀನೂ ಹೆದರಲ್ಲ. ಸೂರಿನಿಂದ ನೆಲದ ತನಕ ಒಂದು ಎಳೀರಿ. ಹಾಂ, ಅಲ್ಲೊಂದು ಕವಲು."

"ಅಳಿಯಂದ್ರೇ, ಗೋಡೆ ಮೇಲೇನು ಗೀಚ್ತಿದೀರಿ?" ಅಂಗಳದ ಮಂಚದಿಂದ ಅತ್ತೆಯ ದನಿ ಕಿಟಕಿಯೊಳಗೆ ತೂರಿತು.

"ಹಾಲಿನ ಲೆಕ್ಕ ಅತ್ತೆ!"

"ಸೂರಿನ ತನಕ ಹಾಲು ಕುಡಿದ್ವಾ?"

ಪೆನ್ಸಿಲ್ಲು ಉಗುರಿನಷ್ಟಾಗಿ ಕೈ ಜಾರುವ ಹೊತ್ತಿಗೆ ಹೊರಗೆ ಜೀಪು ನಿಂತ ಸದ್ದಾಯಿತು. ತಲೆಗೆ ಹಳದಿ ಹೆಲ್ಮೆಟ್ ತೊಟ್ಟ ತಪಾಸಣೆ ಸಾಹೇಬರು, ಅವರ ಹಿಂದೆ ಫೈಲು ತಬ್ಬಿಕೊಂಡ ಹೆಡ್ ಕ್ಲಾರ್ಕು, ಬಣ್ಣದ ಡಬ್ಬಿ ಹಿಡಿದ ಪೇದೆ. ಸಾಹೇಬರು ಹೊಸ್ತಿಲ ತನಕ ಬಂದು ಟಾರ್ಚು ಹಾಯಿಸಿದರು. ಟಾರ್ಚಿನ ಬೆಳಕು ಗೋಡೆಯ ಮೇಲಿಂದ ಕೆಳಗೆ ಇಳಿಯಿತು. ಸಾಹೇಬರ ಕೆಳದವಡೆಯೂ ಅದರ ಜೊತೆಗೇ ಇಳಿಯಿತು.

"ಅಯ್ಯಯ್ಯೋ! ಇದರೊಳಗೆ ಮುನ್ನೂರು ಜನಾನ?"

"ಹೌದು ಸಾರ್. ನಾನಂತೂ ಬೆಳಿಗ್ಗೆಯಿಂದ ಬಡ್ಕೊಳ್ತಾನೇ ಇದೀನಿ" ಎಂದ ಪೆನ್ಸಿಲಣ್ಣ, ದುಃಖ ತುಂಬಿಕೊಂಡು. "ಒಳಗೆ ಬಂದು ಮುಟ್ಟಿ ನೋಡ್ತೀರಾ?" ಎಂದೂ ಬಾಯಿಗೆ ಬಂದಿತ್ತು, ನುಂಗಿಕೊಂಡ.

"ಬಿರುಕು ಕಂಡ ಕಟ್ಟಡದೊಳಗೆ ಅಧಿಕಾರಿ ಕಾಲಿಡೋ ಹಾಗಿಲ್ಲ, ನಿಯಮ. ಹೊಡಿರಿ ಕಾಟು!" ಸಾಹೇಬರು ಪುಸ್ತಕ ತೆಗೆದು ಏಳನೇ ವಾರ್ಡಿನ ಸಾಲಿನ ಮೇಲೆ ತಾವೇ ಅಡ್ಡಗೆರೆ ಎಳೆದರು.

ಪೆನ್ಸಿಲಣ್ಣನ ಎದೆ ಹಗುರಾಯಿತು. ಹೆಂಡತಿ ಅವನನ್ನು ನೋಡಿದ ನೋಟಕ್ಕೆ ಹದಿನಾಲ್ಕು ವರ್ಷದ ಹಿಂದಿನ ಹೊಳಪಿತ್ತು. ಮುನ್ನೂರು ಜನ ಚಾಪೆ ಸುತ್ತಿಕೊಂಡು ಅವರವರ ಮನೆಗೆ ಹೊರಟರು. ಕ್ಷೌರಿಕನೂ ಕುರ್ಚಿ ಹೊತ್ತು ನಡೆದ. ಮೂವತ್ತೊಂದನೇ ಸರದಿ ಬರಲೇ ಇಲ್ಲ.

ಅಷ್ಟರಲ್ಲಿ ಸರ್ ಸರ್ ಅಂತ ಸದ್ದು. ಪೇದೆ ಬಾಗಿಲ ಮೇಲೆ ಕೆಂಪು ಬಣ್ಣದಲ್ಲಿ ಗುಂಡಗೆ ಬರೆಯುತ್ತಿದ್ದ: 'ಅಪಾಯ. ವಾಸ ನಿಷೇಧ.'

"ಇದೇನ್ ಸಾರ್ ಇದು?"

"ಮುನ್ನೂರು ಜನಕ್ಕೆ ಅಪಾಯ ಆಗೋ ಮನೆ ಮೂರು ಜನಕ್ಕೆ ಆಗಲ್ವೇನ್ರಿ? ಮನೆ ಸೀಲು. ತಾಂತ್ರಿಕ ಸಮಿತಿ ಬಂದು ನೋಡೋ ತನಕ ಯಾರೂ ಒಳಗೆ ಹೋಗೋ ಹಾಗಿಲ್ಲ."

ಪೆನ್ಸಿಲಣ್ಣನಿಗೆ ನಿಜವಾದ ಭೂಕಂಪ ಆದದ್ದು ಆಗ. "ಸಾರ್, ಒಂದೇ ಒಂದು ನಿಮಿಷ ಬಿಡಿ. ಒದ್ದೆ ಬಟ್ಟೆ ತಗೊಂಡು ಹೋಗಿ ಬಿರುಕು ಒರೆಸಿ ಬಂದ್ಬಿಡ್ತೀನಿ!"

ಸಾಹೇಬರು ಕನಿಕರದಿಂದ ಹೆಡ್ ಕ್ಲಾರ್ಕಿನ ಕಡೆ ತಿರುಗಿದರು. "ಪಾಪ, ಮನೆ ಹೋದ ಆಘಾತಕ್ಕೆ ಹೀಗೆಲ್ಲ ಮಾತಾಡ್ತಾರೆ. ನೀರು ಕೊಡಿ."

ಹೆಡ್ ಕ್ಲಾರ್ಕು ನೀರಿನ ಜೊತೆ ಕಿವಿಗೆ ಮಾತನ್ನೂ ಹೊಯ್ದ: "ಸುಳ್ಳು ಬಿರುಕು ಬರೆದೆ ಅಂತ ಬಾಯಿಬಿಟ್ಯೋ, ಸೀದಾ ಜೈಲು. ನುಂಗ್ಕೊ."

ಪೆನ್ಸಿಲಣ್ಣ ನೀರನ್ನೂ ಮಾತನ್ನೂ ನುಂಗಿದ. ಪೇದೆ ಬಾಗಿಲಿಗೆ ಅರಗು ಒತ್ತಿದ. ಒಳಗೆ ಬಟ್ಟೆ, ಹಾಸಿಗೆ, ಒಲೆಯ ಪಕ್ಕ ಆಗಷ್ಟೇ ಇಳಿಸಿದ ಚಹಾ. ಹೊರಗೆ ಒಬ್ಬ ಗಂಡ, ಒಬ್ಬಳು ಹೆಂಡತಿ, ಮಂಚದ ಮೇಲೊಬ್ಬರು ಅತ್ತೆ. ಬೆಳಿಗ್ಗೆ ಮುನ್ನೂರು ಜನ ನಿರಾಶ್ರಿತರ ವೇಷ ಹಾಕಿದ್ದರು. ಸಂಜೆಗೆ ನಿಜವಾದ ನಿರಾಶ್ರಿತರು ಉಳಿದದ್ದು ಮೂರೇ ಜನ.

"ಇವರನ್ನ ಏಳನೇ ವಾರ್ಡಿನ ಆಶ್ರಯ ಕಟ್ಟಡಕ್ಕೆ ಕಳಿಸಿ" ಎಂದರು ಸಾಹೇಬರು. ಪುಸ್ತಕ ನೋಡಿ ಕೆಮ್ಮಿದರು. "ಅದನ್ನ ಈಗ ತಾನೇ ಹೊಡೆದುಹಾಕಿದ್ನಲ್ಲ. ಕಾಲಂ ಖಾಲಿ ಇದೆ. ಖಾಲಿ ಬಿಡೋ ಹಾಗಿಲ್ಲ."

ಸೀಟಿ ಉದ್ದಕ್ಕೆ ಕೂಗಿತು. "ನಮ್ಮನೆ ಬರ್ಕೊಳ್ಳಿ ಸಾರ್. ಮೂರು ಕೋಣೆ ಇದೆ, ಬಾವಿ ಇದೆ, ಶಿಸ್ತಿದೆ."

ಹೀಗೆ ಮಂಚ ಮತ್ತೆ ಮೇಲೆದ್ದಿತು. ಮುಂದೆ ಅತ್ತೆ, ಹಿಂದೆ ಹೆಂಡತಿ, ಕೊನೆಯಲ್ಲಿ ಪೆನ್ಸಿಲಣ್ಣ, ರಸ್ತೆ ದಾಟಿ ಎದುರುಮನೆಗೆ. ಬಾಗಿಲಲ್ಲಿ ಟೀಚರ್ ಕೈಯೊಡ್ಡಿದರು.

"ಉಗುರು ತೋರಿಸು."

ನಲವತ್ತೇಳು ವರ್ಷದ ಪೆನ್ಸಿಲಣ್ಣ ಎರಡೂ ಕೈ ಮುಂದೆ ಚಾಚಿದ.

"ಥೂ, ಬೆರಳೆಲ್ಲ ಕಪ್ಪು! ಮುಖ ನೋಡಿದ್ರೆ ಅರ್ಧ ಗಡ್ಡ. ಬೆಳಿಗ್ಗೆ ಐದಕ್ಕೆ ಸೀಟಿ, ಐದೂಕಾಲಕ್ಕೆ ವ್ಯಾಯಾಮ. ಒಳಗೆ ನಡಿ."

ಅತ್ತೆ ಮಂಚದ ಮೇಲಿಂದಲೇ, "ಎಷ್ಟು ಗಾಳಿ ಬರುತ್ತೆ ಟೀಚರಮ್ಮ ನಿಮ್ಮನೇಲಿ!" ಎಂದು ಆಗಲೇ ಹೊಂದಿಕೊಂಡುಬಿಟ್ಟಿದ್ದರು.

ಪೆನ್ಸಿಲಣ್ಣ ಜೀಪು ಹತ್ತುತ್ತಿದ್ದ ಹೆಡ್ ಕ್ಲಾರ್ಕಿನ ಹಿಂದೆ ಓಡಿದ. "ಸಾರ್, ಆ ಸಮಿತಿ ಯಾವಾಗ ಬರುತ್ತೆ? ನಾಳೇನಾ? ನಾಡಿದ್ದಾ?"

ಹೆಡ್ ಕ್ಲಾರ್ಕು ಫೈಲು ತೆಗೆದು ತೋರಿಸಿದ. ಸಮಿತಿ ಬರುವ ದಿನಾಂಕ ಎಂಬ ಕಾಲಮ್ಮಿನಲ್ಲಿ ದಿನಾಂಕ ಬಿದ್ದಾಗಿತ್ತು. ಸರಿಯಾಗಿ ಎರಡು ವರ್ಷ ನಾಲ್ಕು ತಿಂಗಳ ಆಚೆಯದು. ಅದರ ಕೆಳಗೆ ಸಾಹೇಬರ ಸಹಿ.

"ಇದ್ಯಾವ ದಿನ ಸಾರ್?!"

"ನಾನು ರಿಟೈರ್ ಆಗೋ ದಿನ ಕಣಯ್ಯ. ಸಾಹೇಬ್ರು ಅವಸರ ಮಾಡಿದ್ರು, ಕಾಲಂ ಖಾಲಿ ಬಿಡೋ ಹಾಗಿಲ್ಲ. ನಂಗೆ ಬಾಯಿಪಾಠ ಬರೋ ದಿನಾಂಕ ಅದೊಂದೇ."

"ಸರಿ, ಬೇಗ ಅಳಿಸಿ ಸಾರ್ ಮತ್ತೆ!"

ಹೆಡ್ ಕ್ಲಾರ್ಕು ಅವನ ಖಾಲಿ ಬಲಗಿವಿಯನ್ನೇ ನೋಡಿ ನಿಟ್ಟುಸಿರು ಬಿಟ್ಟ.

"ಪೆನ್ಸಿಲ್ ಕೇಳೋಣ ಅಂತ ನಿನ್ ಕಿವಿ ಕಡೆ ನೋಡಿದೆ. ನಿನ್ ಹತ್ರಾನೂ ಇರ್ಲಿಲ್ಲ. ಅದಕ್ಕೇ ಪೆನ್ನಲ್ಲಿ ಬರ್ದೆ."

ಎದುರುಮನೆಯಿಂದ ಸೀಟಿ ಕೂಗಿತು. ಪೆನ್ಸಿಲಣ್ಣ ಓಡಿದ.